ಬಿರಡೆ ಹಾರಿಸಿದ ಎಣ್ಣೆ

1880ರ ದಶಕದ ಆರಂಭ. ಇಂಗ್ಲೆಂಡಿನ ಎಂಜಿನಿಯರ್ ಬೀಚಮ್ ಟವರ್ ರೈಲುಗಾಡಿಯ ಅಚ್ಚು ಕೂರುವ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದರು. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಅದ್ದಿತ್ತು, ಮೇಲೆ ಟೋಪಿಯಂತೆ ಹಿತ್ತಾಳೆ. ಮೇಲಿನಿಂದಲೂ ಎಣ್ಣೆ ಬಿಡೋಣವೆಂದು ಅದಕ್ಕೊಂದು ತೂತು ಕೊರೆದರು. ಯಂತ್ರ ತಿರುಗಿಸಿದ್ದೇ ತಡ, ಎಣ್ಣೆ ತೂತಿನಿಂದ ಹೊರಕ್ಕೆ ಉಕ್ಕಿತು! ಕಾರ್ಕಿನ ಬಿರಡೆ ಒತ್ತಿದರು, ಎದ್ದು ಬಂತು. ಮರದ ಗೂಟ ಬಡಿದರು, ಅದೂ ನಿಲ್ಲಲಿಲ್ಲ. ಕೊನೆಗೆ ಒತ್ತಡ ಅಳೆಯುವ ಗೇಜ್ ಕೂರಿಸಿದರೆ ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿತು. ಬೇರಿಂಗ್ ಮೇಲೆ ಹೇರಿದ್ದ ಭಾರದ ಸರಾಸರಿ ಅದರ ಅರ್ಧದಷ್ಟೇ ಇತ್ತು.

ಅಂದರೆ ಅಚ್ಚು ಹಿತ್ತಾಳೆಯನ್ನು ಮುಟ್ಟುತ್ತಲೇ ಇರಲಿಲ್ಲ, ಎಣ್ಣೆಯ ಮೇಲೆ ತೇಲುತ್ತಿತ್ತು. ಏಕೆಂದು 1886ರಲ್ಲಿ ಗಣಿತದಲ್ಲಿ ತೋರಿಸಿದವರು ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬೋರ್ನ್ ರೆನಾಲ್ಡ್ಸ್. ತಿರುಗುವ ಲೋಹ ತನಗಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಇಕ್ಕಟ್ಟಾದ ಎಣ್ಣೆ ಬೆಣೆಯಂತೆ ಭಾರವನ್ನು ಎತ್ತುತ್ತದೆ. ಮಳೆಯಲ್ಲಿ ಜೋರಾಗಿ ಓಡುವ ಕಾರು ನೀರಿನ ಮೇಲೆ ಜಾರುವುದೂ ಹೀಗೆಯೇ, ಅಲ್ಲಿ ಅದು ಅಪಾಯ.

ಅಮೆರಿಕದ ಎಂಜಿನಿಯರ್ ಆಲ್ಬರ್ಟ್ ಕಿಂಗ್ಸ್‌ಬರಿ ಈ ಬೆಣೆಯನ್ನು ದೊಡ್ಡ ಕೆಲಸಕ್ಕೆ ಹಚ್ಚಿದರು. ಪೆನ್ಸಿಲ್ವೇನಿಯಾದ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರದಲ್ಲಿ ನೆಟ್ಟಗೆ ನಿಂತ ಟರ್ಬೈನಿನ ಸುಮಾರು 200 ಟನ್ ಭಾರ ಹೊರಬೇಕಿತ್ತು, ರೋಲರ್ ಬೇರಿಂಗ್‌ಗಳು ಬೇಗ ಸವೆಯುತ್ತಿದ್ದವು. ಕಿಂಗ್ಸ್‌ಬರಿ ಇಡೀ ತಟ್ಟೆಯ ಬದಲು, ತುಸು ವಾಲಬಲ್ಲ ಬಿಡಿ ಬಿಡಿ ತುಂಡುಗಳನ್ನಿಟ್ಟರು. ತಿರುಗತೊಡಗಿದೊಡನೆ ಪ್ರತಿ ತುಂಡೂ ತನಗೆ ಬೇಕಾದ ಓರೆಯನ್ನು ತಾನೇ ಕಂಡುಕೊಳ್ಳುತ್ತದೆ. 1912ರಲ್ಲಿ ಕೂರಿಸಿದ ಆ ಬೇರಿಂಗ್ ನೂರು ವರ್ಷ ದಾಟಿಯೂ ದುಡಿದಿದೆ.

ಬಾಳಿಕೆಗೆ ಗಟ್ಟಿ ಲೋಹ ಬೇಕೆಂದು ನಾವು ಅಂದುಕೊಳ್ಳುತ್ತೇವೆ. ಇಂಥ ಬೇರಿಂಗಿನ ಮೈಗೆ ಬಳಿಯುವುದು ಮಾತ್ರ ಮೆತ್ತನೆಯ ವೈಟ್ ಮೆಟಲ್, ಅಂದರೆ ತವರ ಇಲ್ಲವೇ ಸೀಸದ ಮಿಶ್ರಲೋಹ! ಎಣ್ಣೆಯಲ್ಲಿ ಬಂದ ಸಣ್ಣ ಕಸ ಅದರೊಳಗೆ ಹೂತುಕೊಳ್ಳುತ್ತದೆ, ಅಚ್ಚನ್ನು ಗೀರುವುದಿಲ್ಲ. ಹಾಳಾದರೆ ಕರಗಿಸಿ ಮತ್ತೆ ಎರಕ ಹೊಯ್ದರಾಯಿತು. ಯಾವುದು ಸವೆಯಬೇಕು, ಯಾವುದು ಉಳಿಯಬೇಕು ಎಂದು ಮೊದಲೇ ಗೊತ್ತುಮಾಡುವುದೇ ವಿನ್ಯಾಸಕಾರನ ಜಾಣತನ ಎನ್ನುವುದು ನನ್ನ ಎಣಿಕೆ.

ಸವೆತ ಹೆಚ್ಚಾಗುವುದು ಶುರು ಮಾಡುವಾಗ ಮತ್ತು ನಿಲ್ಲಿಸುವಾಗ, ಆಗ ಎಣ್ಣೆಯ ಪೊರೆ ಇನ್ನೂ ಎದ್ದಿರುವುದಿಲ್ಲ. ಅದಕ್ಕೇ ಹಲವು ದೊಡ್ಡ ಯಂತ್ರಗಳಲ್ಲಿ ತಿರುಗಿಸುವ ಮೊದಲೇ ಪಂಪಿನಿಂದ ಎಣ್ಣೆ ನುಗ್ಗಿಸಿ ಭಾರವನ್ನು ಎತ್ತುತ್ತಾರೆ.

2017ರ ಒಂದು ಅಂದಾಜಿನಂತೆ ಜಗತ್ತು ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲು ಘರ್ಷಣೆ ಮೀರಲು, 3 ಪಾಲು ಸವೆದ ಬಿಡಿಭಾಗಗಳನ್ನು ಮತ್ತೆ ಮಾಡಲು ಹೋಗುತ್ತದೆ. ಹಾಗೆಂದು ಘರ್ಷಣೆ ಇಳಿಸಲು ತೀರಾ ತೆಳು ಎಣ್ಣೆ ಹಾಕಿದರೆ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಕರೆಂಟು ಉಳಿಸಲು ಹೋಗಿ ಯಂತ್ರವನ್ನೇ ಕಳೆದುಕೊಂಡಂತೆ.

ಹಿಟ್ಟಿನ ಗಿರಣಿಯಲ್ಲಿ ತೊಂದರೆ ಬೇರೆ, ದೂಳು. ದೂಳು ತಡೆಯುವ ಸೀಲ್ ಹರಿದ ಬೇರಿಂಗಿಗೆ ಎಷ್ಟು ಗ್ರೀಸ್ ತುರುಕಿದರೇನು, ಅತಿಯಾದರೆ ಕಡೆದು ಕಡೆದು ಅದೇ ಕಾವೇರುತ್ತದೆ. ಹಳೆಯ ಮೆಕ್ಯಾನಿಕ್ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಗೆ ಊರಿ, ಹಿಡಿಗೆ ಕಿವಿಗೊಡುತ್ತಾನೆ. ಒಂದೇ ಸಮನೆ ಗುಂಯ್‌ಗುಡುತ್ತಿದ್ದರೆ ಸುಮ್ಮನೆ ಎದ್ದು ಹೋಗುತ್ತಾನೆ. ಕರಕರ ಕೇಳಿದರೆ ಬೆಲ್ಟ್ ಬಿಚ್ಚಲು ಹೇಳುತ್ತಾನೆ.