ಒಗ್ಗರಣೆಗೆ 28 ಜನ ಬೇಕಿಲ್ಲ

ತುಮಕೂರಿನ ಕಡೆಯ ಮದುವೆ ಆಲ್ಬಂ ಡಿಸೈನರ್ ಒಬ್ಬರು ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಒಂದನ್ನು ಹೊತ್ತು ತಂದಿದ್ದರು. ಒಳಗೆ ಎರಡು ಝಿಯಾನ್ ಇ5-2680 ವಿ4 ಪ್ರೊಸೆಸರ್. ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕವೂ ಒಂದು ಕೋರ್. "ಒಂದೊಂದ್ರಲ್ಲಿ 14 ಕೋರ್ ಸಾರ್, ಒಟ್ಟು 28. ಆದ್ರೂ ಫೋಟೋಶಾಪ್‌ಗೆ ನಮ್ಮ ಹಳೇ ಐ5 ಇದಕ್ಕಿಂತ ವಾಸಿ!"

ಟಾಸ್ಕ್ ಮ್ಯಾನೇಜರ್ ತೆರೆದೆ. 'ಸಾಕೆಟ್ಸ್' (ಎಷ್ಟು ಪ್ರೊಸೆಸರ್ ಅನ್ನೋ ಲೆಕ್ಕ) ಎದುರು 1 ಅಂತಿತ್ತು. ಮಾರಿದವರು ವಿಂಡೋಸ್ ಹೋಮ್ ಹಾಕಿ ಕೊಟ್ಟಿದ್ದರು. ಹೋಮ್ ಬಳಸಿಕೊಳ್ಳುವುದು ಒಂದೇ ಪ್ರೊಸೆಸರನ್ನು. ಎರಡಕ್ಕೆ ಪ್ರೊ ಬೇಕು. ಇನ್ನೊಂದು ಪ್ರೊಸೆಸರ್ ಸುಮ್ನೆ ಕೂತಿತ್ತು.

ಪ್ರೊ ಹಾಕಿದೆವು. 28 ಕೋರೂ ಕಂಡವು. ಫೋಟೋಶಾಪ್ ಮಾತ್ರ ಅಷ್ಟೇ ನಿಧಾನ.

ಮದುವೆ ಮನೆಯ ಅಡುಗೆ ನೆನೆಸಿಕೊಳ್ಳಿ. ತರಕಾರಿ ಹೆಚ್ಚೋಕೆ 28 ಜನ ಕೂರಬಹುದು. ಒಗ್ಗರಣೆಗೆ ಒಬ್ಬರೇ ಸಾಕು, ಉಳಿದವರು ನಿಂತು ನೋಡಬೇಕು. ಬ್ರಷ್ ಎಳೆಯುವುದು, ಲೇಯರ್ ಸರಿಸುವುದು ಹೆಚ್ಚು ಕಡಿಮೆ ಒಗ್ಗರಣೆಯ ಕೆಲಸ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಈ ಲೆಕ್ಕ ಹೇಳಿದ್ದರು: ಕೆಲಸದ ಅರ್ಧ ಭಾಗ ಹಂಚಲು ಬಾರದ್ದಾದರೆ, ಎಷ್ಟೇ ಪ್ರೊಸೆಸರ್ ಹಾಕಿದರೂ ವೇಗ ಎರಡು ಪಟ್ಟು ದಾಟುವುದಿಲ್ಲ. ಅಲ್ಲಿ ಬೇಕಾದದ್ದು ಒಂದು ಕೋರಿನ ಓಟ. ಈ ಝಿಯಾನ್ 2016ರದ್ದು, ಹೆಚ್ಚೆಂದರೆ 3.3 ಗಿಗಾಹರ್ಟ್ಸ್. ಈಗಿನ ಕೆಲವು ಪ್ರೊಸೆಸರ್‌ಗಳು 5 ದಾಟುತ್ತವೆ.

ಅವರಿಗೆ 8 ಕೋರಿನ ಒಂದೇ ಹೊಸ ಪ್ರೊಸೆಸರ್, 32 ಜಿಬಿಯ ಎರಡು ರ‍್ಯಾಮ್, ಸ್ಕ್ರ್ಯಾಚ್ ಡಿಸ್ಕಿಗೆ (ಮೆಮೊರಿ ಸಾಲದಾಗ ಫೋಟೋಶಾಪ್ ಬಳಸುವ ತಾತ್ಕಾಲಿಕ ಜಾಗ) ಬೇರೆ ಎಸ್‌ಎಸ್‌ಡಿ ಬರೆದುಕೊಟ್ಟೆ. ರ‍್ಯಾಮ್ ಜೋಡಿಯಾಗಿ ಹಾಕಿದರೆ ಎರಡು ಚಾನೆಲ್‌ನಲ್ಲಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ, ಓಡುತ್ತದೆ. ಉಳಿದ ದುಡ್ಡಿಗೆ ಬಣ್ಣ ಸರಿಯಾಗಿ ತೋರಿಸುವ ಒಳ್ಳೆಯ ಐಪಿಎಸ್ ಮಾನಿಟರ್ ತಗೊಳ್ಳಿ ಅಂದೆ. ಸೀರೆ ಬಣ್ಣ ಪ್ರಿಂಟಿನಲ್ಲಿ ಬೇರೆ ಬಂದರೆ ಬೈಗುಳ ತಿನ್ನುವುದು ಪ್ರೊಸೆಸರ್ ಅಲ್ಲವಲ್ಲ!

ತ್ರೀಡಿ ಕತೆ ಬೇರೆ. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರಿನ ಸೈಕಲ್ಸ್ ರೆಂಡರ್ (ಸೀನನ್ನು ಚಿತ್ರವಾಗಿಸುವುದು) ಅಪ್ಪಟ ತರಕಾರಿ ಹೆಚ್ಚೋ ಕೆಲಸ, ಕೋರ್ ಜಾಸ್ತಿ ಇದ್ದಷ್ಟೂ ಬೇಗ. ಆದರೆ ಈಗ ಅದನ್ನು ಗ್ರಾಫಿಕ್ಸ್ ಕಾರ್ಡೇ ಇನ್ನೂ ಬೇಗ ಮುಗಿಸುತ್ತದೆ. ಕಾರ್ಡ್ ಆರಿಸುವಾಗ ಮೊದಲು ಅದರ ಮೆಮೊರಿ ನೋಡಿ. ಆರ್‌ಟಿಎಕ್ಸ್ 3070 ಹೆಚ್ಚು ವೇಗದ್ದು, ಆದರೆ 8 ಜಿಬಿ. ಅದಕ್ಕಿಂತ ಅಗ್ಗದ 3060ರಲ್ಲಿ 12 ಜಿಬಿಯದ್ದು ಸಿಗುತ್ತದೆ. ಆ ಮೆಮೊರಿಯಲ್ಲಿ ಸೀನ್ ಹಿಡಿಯದಿದ್ದರೆ ರೆಂಡರ್ ಕುಂಟುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಎರಡು 3060 ಹಾಕಿದರೆ 24 ಜಿಬಿ ಆಯಿತು ಅಂದುಕೊಳ್ಳಬೇಡಿ. ಎರಡೂ ಇಡೀ ಸೀನಿನ ಪ್ರತಿಯನ್ನು ತಂತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ವೇಗ ಹೆಚ್ಚುತ್ತದೆ, ಜಾಗ ಅಲ್ಲ.

ಆ ಹಳೇ ಡಬ್ಬ ಏನಾಯಿತು ಅಂತೀರಾ? ಡಿಸೈನರ್ ಅವರ ಅಣ್ಣನ ಮಗ ಮನೆಗಳ ಎಲಿವೇಷನ್ (ಹೊರನೋಟದ ಚಿತ್ರ) ಮಾಡುತ್ತಾನೆ. ರಾತ್ರಿ ಅದರಲ್ಲಿ ರೆಂಡರ್ ಹಾಕಿ ಮಲಗುತ್ತಾನಂತೆ. ಮೊದಲ ದಿನ ಕರೆಂಟ್ ಹೋದಾಗ 600 ವಿಎ ಯುಪಿಎಸ್ ಕಿರುಚಿ ಆಫ್ ಆಯಿತು. 600 ವಿಎ ಅಂದರೆ ಸಾಮಾನ್ಯವಾಗಿ 600 ವ್ಯಾಟ್ ಅಲ್ಲ, ಅದಕ್ಕಿಂತ ಕಡಿಮೆ. ಇಲ್ಲಿ ಎರಡು ಪ್ರೊಸೆಸರಿಗೇ 240 ವ್ಯಾಟ್, ಮೇಲೆ ಗ್ರಾಫಿಕ್ಸ್ ಕಾರ್ಡ್ ಬೇರೆ. ಈಗ ದೊಡ್ಡ ಯುಪಿಎಸ್ ತಂದಿದ್ದಾರೆ.