ರೈಬೋಸೋಮ್ ಅಮೈನೋ ಆಮ್ಲವನ್ನು ನೋಡುವುದೇ ಇಲ್ಲ

ಪ್ರೋಟೀನ್ ತಯಾರಿಯ ಪಾಠದಲ್ಲಿ ಮೊದಲು ಈ ಒಂದು ಮಾತು ಗಟ್ಟಿ ಮಾಡಿಕೊಳ್ಳಿ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಟಿ-ಆರ್‌ಎನ್‌ಎ (ಅಮೈನೋ ಆಮ್ಲ ಸಾಗಿಸುವ ಸಣ್ಣ ಅಣು) ಹೊತ್ತು ತಂದಿರುವ ಅಮೈನೋ ಆಮ್ಲ ಸರಿಯಾದದ್ದೇ ಅಂತ ರೈಬೋಸೋಮ್ (ಆಮ್ಲಗಳನ್ನು ಪೋಣಿಸಿ ಪ್ರೋಟೀನ್ ಮಾಡುವ ಯಂತ್ರ) ಹೆಚ್ಚುಕಡಿಮೆ ಪರೀಕ್ಷೆ ಮಾಡುವುದೇ ಇಲ್ಲ. ಅದು ನೋಡುವುದು ಕೋಡಾನ್‌ಗೆ (ಸಂದೇಶದ ಮೂರಕ್ಷರದ ಪದ) ಆಂಟಿಕೋಡಾನ್ (ಟಿ-ಆರ್‌ಎನ್‌ಎಯ ಮೇಲಿನ ಮೂರಕ್ಷರ) ಹೊಂದುತ್ತದಾ ಅಂತ ಮಾತ್ರ.

1962ರಲ್ಲಿ ಇದಕ್ಕೆ ಸೊಗಸಾದ ಪುರಾವೆ ಸಿಕ್ಕಿತು. ಟಿ-ಆರ್‌ಎನ್‌ಎಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲ ಅಂಟಿಸಿ, ಆಮೇಲೆ ನಿಕಲ್ ಬಳಸಿ ಆ ಸಿಸ್ಟೀನನ್ನೇ ಅಲನಿನ್ ಎಂಬ ಇನ್ನೊಂದು ಆಮ್ಲವಾಗಿ ಬದಲಾಯಿಸಿದರು. ರೈಬೋಸೋಮ್ ಸಿಸ್ಟೀನ್ ಬರಬೇಕಾದ ಜಾಗದಲ್ಲಿ ಅಲನಿನ್ ಅನ್ನು ಸುಮ್ನೆ ಜೋಡಿಸಿಬಿಟ್ಟಿತು!

ಹಾಗಾದರೆ ಟಿ-ಆರ್‌ಎನ್‌ಎಗೆ ಆಮ್ಲವನ್ನು ಸರಿಯಾಗಿ ಅಂಟಿಸುವ ಪೂರ್ತಿ ಹೊಣೆ ಸಿಂಥೆಟೇಸ್ ಕಿಣ್ವಗಳದ್ದು, ಅಲ್ವಾ? ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಐಸೊಲ್ಯೂಸಿನ್ ಎಂಬ ಆಮ್ಲವನ್ನು ಅಂಟಿಸುವ ಕಿಣ್ವವನ್ನೇ ತೆಗೆದುಕೊಳ್ಳಿ. ವ್ಯಾಲೀನ್‌ಗೂ ಐಸೊಲ್ಯೂಸಿನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಸಿಎಚ್2 ಗುಂಪು. ಐಸೊಲ್ಯೂಸಿನ್‌ಗಾಗಿ ಇರುವ ದೊಡ್ಡ ಗುಂಡಿಯಲ್ಲಿ ಚಿಕ್ಕದಾದ ವ್ಯಾಲೀನ್ ಆರಾಮಾಗಿ ಕೂರುತ್ತದೆ, ಅದನ್ನು ತಡೆಯುವುದು ಕಷ್ಟ. ಆದರೂ ತಪ್ಪಾಗುವುದು ಸುಮಾರು 3000ಕ್ಕೆ ಒಂದು ಸಲ. ಅಕ್ಕಿ ಜರಡಿ ಹಿಡಿಯುವುದನ್ನು ನೆನೆಸಿಕೊಳ್ಳಿ. ಮೊದಲ ಜರಡಿ ದಪ್ಪನೆಯದನ್ನು ಮೇಲೆಯೇ ಉಳಿಸಿಕೊಳ್ಳುತ್ತದೆ, ಎರಡನೆಯದರಲ್ಲಿ ನುಚ್ಚು ಕೆಳಗೆ ಬಿದ್ದು ಬೇಕಾದ ಅಕ್ಕಿ ಉಳಿಯುತ್ತದೆ. ಇಲ್ಲೂ ಹಾಗೇ, ಕಿಣ್ವದಲ್ಲಿ ಎರಡು ಗುಂಡಿ: ಅಂಟಿಸುವ ಗುಂಡಿಗೆ ದೊಡ್ಡ ಆಮ್ಲಗಳು ಹಿಡಿಸುವುದಿಲ್ಲ, ತಿದ್ದುವ ಗುಂಡಿಗೆ ಐಸೊಲ್ಯೂಸಿನ್ ಹಿಡಿಸುವುದಿಲ್ಲ. ವ್ಯಾಲೀನ್ ಮಾತ್ರ ಅದರೊಳಗೆ ಹೋಗಿ ಕತ್ತರಿಸಿಕೊಳ್ಳುತ್ತದೆ. ಈ ಎರಡು ಜರಡಿಯ ವಿವರಣೆ ಕೊಟ್ಟವರು ರಸಾಯನವಿಜ್ಞಾನಿ ಅಲನ್ ಫರ್ಷ್ಟ್.

ಇನ್ನು ರೈಬೋಸೋಮ್. ಟಿ-ಆರ್‌ಎನ್‌ಎಯನ್ನು ಕರೆತರುವುದು ಇಎಫ್-ಟಿಯು ಎಂಬ ಪ್ರೋಟೀನ್, ಜೊತೆಗೆ ಶಕ್ತಿ ಕೊಡುವ ಜಿಟಿಪಿ ಅಣುವೂ ಇರುತ್ತದೆ. ರೈಬೋಸೋಮ್‌ನದೇ ಭಾಗವಾದ 16ಎಸ್ ಆರ್‌ಆರ್‌ಎನ್‌ಎಯ ಎ1492, ಎ1493 ಎಂಬ ಎರಡು ಬೇಸ್‌ಗಳು (ಅಕ್ಷರಗಳು) ಹೊರಕ್ಕೆ ತಿರುಗಿ ಕೋಡಾನ್-ಆಂಟಿಕೋಡಾನ್ ಜೋಡಿಯ ಆಕಾರವನ್ನು ಮುಟ್ಟಿ ನೋಡುತ್ತವೆ. ಕೋಡಾನ್‌ನ ಮೊದಲ ಎರಡು ಅಕ್ಷರಕ್ಕೆ ಬಿಗಿ, ಮೂರನೆಯದಕ್ಕೆ ಸಡಿಲ. ಜೋಡಿ ಸರಿಯಿದ್ದರೆ ಜಿಟಿಪಿ ಬೇಗ ಒಡೆಯುತ್ತದೆ, ಒಡೆದ ಮೇಲೂ ತಪ್ಪು ಟಿ-ಆರ್‌ಎನ್‌ಎ ಜಾರಿ ಹೋಗಲು ಇನ್ನೊಂದು ಅವಕಾಶ ಇರುತ್ತದೆ. ಜಿಟಿಪಿ ಖರ್ಚು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ: ಅದು ಒಡೆಯುವುದರಿಂದಲೇ ಎರಡು ತಪಾಸಣೆಗಳು ಬೇರೆಬೇರೆಯಾಗುತ್ತವೆ. ಒಂದೊಂದರಲ್ಲೂ ನೂರಕ್ಕೆ ಒಂದು ತಪ್ಪು ದಾಟಿದರೆ, ಎರಡನ್ನೂ ದಾಟುವುದು 10,000ಕ್ಕೆ ಒಂದು. 1974ರಲ್ಲಿ ಭೌತವಿಜ್ಞಾನಿ ಹಾಪ್‌ಫೀಲ್ಡ್ ಹೇಳಿದ್ದು ಇದೇ ಲೆಕ್ಕ.

ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಕೆಡಿಸುವುದು ಈ ತಪಾಸಣೆಯನ್ನೇ. ಅದು ರೈಬೋಸೋಮ್‌ನ ಚಿಕ್ಕ ಭಾಗವಾದ 30ಎಸ್‌ಗೆ ಅಂಟಿಕೊಂಡರೆ ತಪ್ಪು ಟಿ-ಆರ್‌ಎನ್‌ಎಯೂ ಒಪ್ಪಿಗೆಯಾಗುತ್ತದೆ. ಅದೇ ಭಾಗದ ಎಸ್12 ಪ್ರೋಟೀನ್‌ನಲ್ಲಿ ಕೆಲವು ಮ್ಯುಟೇಶನ್ ಆದರೆ ಇದಕ್ಕೆ ತದ್ವಿರುದ್ಧ: ತಪ್ಪು ತೀರಾ ಕಡಿಮೆ, ಆದರೆ ಕೆಲಸ ನಿಧಾನ, ಬೆಳವಣಿಗೆಯೂ ನಿಧಾನ. ಅಂಥ ಬ್ಯಾಕ್ಟೀರಿಯಾಗಳಲ್ಲಿ ಕೆಲವಂತೂ ಎಷ್ಟು ಬಿಗಿಯೆಂದರೆ, ಸ್ಟ್ರೆಪ್ಟೊಮೈಸಿನ್ ಹಾಕಿದರೆ ಮಾತ್ರ ಬೆಳೆಯುತ್ತವೆ.