ಓದುಗರ ಪ್ರಶ್ನೆ: ರಾಜನನ್ನು ಕೊಲ್ಲಿಸಿದ ಆ ಪತ್ರ ಬಿಷಪ್ ಆರ್ಲ್‌ಟನ್ ಬರೆದದ್ದೇ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಕಥೆ ಗೊತ್ತಿರುವುದೇ. ಪಟ್ಟ ಕಳೆದುಕೊಂಡ ಇಂಗ್ಲೆಂಡಿನ ರಾಜ ಎರಡನೇ ಎಡ್ವರ್ಡ್ 1327ರಲ್ಲಿ ಬರ್ಕ್ಲಿ ಕೋಟೆಯಲ್ಲಿ ಸೆರೆಯಾಗಿದ್ದ. ಕಾವಲಿನವರಿಗೆ ಆಡಂ ಆರ್ಲ್‌ಟನ್ ಒಂದು ಸಾಲು ಲ್ಯಾಟಿನ್ ಕಳಿಸಿದನಂತೆ: ‘ಎಡ್ವರ್ಡುಂ ಒಕ್ಕಿದೆರೆ ನೊಲಿತೆ ತಿಮೆರೆ ಬೊನುಂ ಎಸ್ತ್’. ‘ತಿಮೆರೆ’ಯ ನಂತರ ನಿಲ್ಲಿಸಿದರೆ ‘ಕೊಲ್ಲಲು ಹೆದರಬೇಡಿ, ಒಳ್ಳೆಯದೇ’. ‘ನೊಲಿತೆ’ಯ ನಂತರ ನಿಲ್ಲಿಸಿದರೆ ‘ಕೊಲ್ಲಬೇಡಿ, ಹೆದರುವುದೇ ಒಳ್ಳೆಯದು’.

ಮೊದಲು ದಿನಾಂಕ ನೋಡಿ. ಎಡ್ವರ್ಡ್ ಸತ್ತದ್ದು ಸೆಪ್ಟೆಂಬರ್ 21ರಂದು. ಜನವರಿ ಕೊನೆಯಲ್ಲಿ ಖಜಾಂಚಿಯಾಗಿದ್ದ ಆರ್ಲ್‌ಟನ್ ಎರಡೇ ತಿಂಗಳಲ್ಲಿ ಆ ಹುದ್ದೆ ಬಿಟ್ಟು, ವಸಂತದಲ್ಲೇ ಅವಿನ್ಯೋನ್‌ಗೆ, ಪೋಪ್ ಆಸ್ಥಾನಕ್ಕೆ ಹೋಗಿದ್ದ. ಹೊಸ ರಾಜ ಮೂರನೇ ಎಡ್ವರ್ಡ್ ಮತ್ತು ವಧು ಫಿಲಿಪ್ಪಾ ರಕ್ತಸಂಬಂಧಿಗಳು. ಮದುವೆಗೆ ಪೋಪ್ ಅನುಮತಿ ಬೇಕಿತ್ತು. ಸೆಪ್ಟೆಂಬರ್‌ನಲ್ಲೂ ಆತ ಅಲ್ಲೇ ಇದ್ದ.

ಎರಡನೆಯದು, ಕಥೆಯ ಮೂಲ. ಇದನ್ನು ಬರೆದಿಟ್ಟ ಚರಿತ್ರೆಕಾರ ಜೆಫ್ರಿ ಲೆ ಬೇಕರ್ ಬರೆಯುವಾಗ ಎಡ್ವರ್ಡ್ ಸತ್ತು ಕಾಲು ಶತಮಾನ ದಾಟಿತ್ತು, ಆರ್ಲ್‌ಟನ್ ಕೂಡ 1345ರಲ್ಲೇ ತೀರಿಕೊಂಡಿದ್ದ. ಆ ಸಾಲೂ ಹೊಸದಲ್ಲ. 1213ರಲ್ಲಿ ಕೊಲೆಯಾದ ಹಂಗೇರಿಯ ರಾಣಿ ಗೆರ್ಟ್ರೂಡ್ ಬಗ್ಗೆ, ಎಸ್ಟರ್ಗೋಮ್‌ನ ಆರ್ಚ್‌ಬಿಷಪ್ ಹೆಸರಿನಲ್ಲಿ, ಇದೇ ಸಾಲು ಅದಾಗಲೇ ಪ್ರಚಾರದಲ್ಲಿತ್ತು. ‘ರಾಣಿ’ ಇದ್ದಲ್ಲಿ ‘ಎಡ್ವರ್ಡ್’ ಸೇರಿಸಿದ್ದಾರೆ, ಅಷ್ಟೇ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ. 1334ರಲ್ಲಿ ವೈರಿಗಳು ಆರ್ಲ್‌ಟನ್ ಮೇಲೆ ಆರೋಪ ಹೊರಿಸಿದರು: ಎರಡನೇ ಎಡ್ವರ್ಡ್‌ನ ಚಾನ್ಸಲರ್ (ಉನ್ನತ ಮಂತ್ರಿ) ಬಾಲ್ಡಕ್‌ನನ್ನು ಹಿಡಿಸಿದ, ಆ ರಾಜನನ್ನು ನಿಂದಿಸಿ ಉಪದೇಶ ಮಾಡಿದ, ರಾಣಿ ಇಸಬೆಲ್ಲಾ ಗಂಡನ ಬಳಿ ಹೋಗದಂತೆ ತಡೆದ. ಕೊಲೆಯ ಪತ್ರದ ಸುದ್ದಿಯೇ ಇಲ್ಲ. ಅಂಥದ್ದೊಂದು ಇದ್ದಿದ್ದರೆ ಅವರು ಬಿಡುತ್ತಿದ್ದರೇ?

ಯಾರೂ ಕೇಳದಿದ್ದರೂ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಅರಮನೆಗೆ ಬೇಡವಾದವನು ಮೂರು ಸಲ ಬಿಷಪ್ ಆದದ್ದು ಹೇಗೆ? 1317ರಲ್ಲಿ ಹೆರೆಫರ್ಡ್, 1327ರಲ್ಲಿ ವುಸ್ಟರ್, 1333ರಲ್ಲಿ ವಿಂಚೆಸ್ಟರ್. ಪದ್ಧತಿಯ ಪ್ರಕಾರ ರಾಜನ ಪರವಾನಗಿ ಪಡೆದು ಕ್ಯಾಥೆಡ್ರಲ್‌ನವರು (ಬಿಷಪ್ ಪೀಠವಿರುವ ಚರ್ಚಿನವರು) ಆರಿಸಬೇಕು. ಆದರೆ ಪೋಪ್ ಅದನ್ನು ಬದಿಗಿಟ್ಟು ನೇರವಾಗಿ ನೇಮಿಸಬಹುದಿತ್ತು. ಮೂರು ಸಲವೂ ಆದದ್ದು ಅದೇ. ರಾಜನ ಕೈಯಲ್ಲಿ ಉಳಿದದ್ದು ಜಮೀನು. ಬಿಷಪ್ ಪೀಠ ಖಾಲಿಯಿದ್ದಾಗ ಅದರ ಆಸ್ತಿ ರಾಜನ ವಶ, ಉತ್ಪನ್ನವೆಲ್ಲ ಖಜಾನೆಗೆ. ವಿಂಚೆಸ್ಟರ್ ದೇಶದ ಅತಿ ಶ್ರೀಮಂತ ಪೀಠಗಳಲ್ಲಿ ಒಂದು. ಮೂರನೇ ಎಡ್ವರ್ಡ್ ಅದರ ಆಸ್ತಿಯನ್ನು 1334ರವರೆಗೂ ಬಿಟ್ಟುಕೊಡಲಿಲ್ಲ.